ಕಚ್ಛದ ಕೊಳ್ಳಕ್ಕೆ ಕಟ್ಟಿದ ಹೊರೆ

ಇಲ್ಲ ಎನ್ನಬೇಕಾದರೆ ಕಾರಣ ಹೇಳಬೇಕಾಗುತ್ತದೆ. ಹೂಂ ಎಂದರೆ ಯಾರೂ ಏನೂ ಕೇಳುವುದಿಲ್ಲ. ಮಂಗಲಾ ಹೂಂ ಎಂದದ್ದು ಅಷ್ಟಕ್ಕೇ.

ಸಂಕ್ರಾಂತಿ ಮುಗಿದ ಮೇಲೆ ಒಂದು ರವಿವಾರ ಚಿಕ್ಕೋಡಿಯಿಂದ ಸುಹಾಸ ಮತ್ತು ಅವನ ಹೆಂಡತಿ ಪೂನಮ ಕಾಗವಾಡದ ಮಂಗಲಾಳ ಮನೆಗೆ ಬಂದಿದ್ದರು. ಸುಹಾಸ ಮಂಗಲಾಳ ಗಂಡ ಭಾವುಸಾಹೇಬನ ಚಿಕ್ಕಪ್ಪನ ಮಗ. ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾನೆ. ಕೊಲ್ಲಾಪುರದಲ್ಲಿ ಓದುವಾಗ ಹಿಡಿದ ಗುಡ್ಡ ಹತ್ತುವ ಹುಚ್ಚು ಮದುವೆಯಾದರೂ ಬಿಟ್ಟಿರಲಿಲ್ಲ, ಹೆಂಡತಿಗೂ ಹಿಡಿದಿತ್ತು. ಸಹ್ಯಾದ್ರಿಯ ಕೋಟೆಗಳನ್ನೆಲ್ಲ ಮುಗಿಸಿ ಈಗ ಅವನ ಕಣ್ಣು ಕಚ್ಛದ ಮೇಲೆ ಬಿದ್ದಿತ್ತು. ಅಲ್ಲಿ ಬೆಂಗಾಡಿನ ನಡುವೆ, ಮಳೆಗಾಲದಲ್ಲಷ್ಟೇ ಹರಿಯುವ ಹೊಳೆಯೊಂದು ಬಂಡೆ ಕೊರೆದು ದೊಡ್ಡ ಕೊಳ್ಳ ಮಾಡಿದೆಯಂತೆ.

"ಎರಡೂ ಕಡೆ ಕೆಂಪ ಕಲ್ಲಿನ ಗ್ವಾಡಿ, ವೈನಿ. ನಡುವ ನಾವು. ನಾಕು ದಿನಾ ನಡಿಯೂದು, ಅಲ್ಲೇ ಮಲಗೂದು. ಮನಿ ಇಲ್ಲ, ಅಂಗಡಿ ಇಲ್ಲ, ಫೋನ್ ಹತ್ತಂಗಿಲ್ಲ," ಎಂದು ಅವನು ಚಹಾ ಕುಡಿಯುತ್ತ ಅತ್ತಿಗೆಗೆ ಹೇಳಿದ. "ಜನವರಿಯೊಳಗ ಹೋಗಬೇಕಾಗಿತ್ತು. ನನ್ನ ಪರೀಕ್ಷಾ ಕೆಲಸ ಮುಗಿಯೂದರಾಗ ಹೋಳಿ ಹುಣ್ಣಿಮಿ ಆಗತೈತಿ. ಬಿಸಲು ಇರತೈತಿ, ಆದ್ರ ಮುಂಜಾನೆ ನಡದು ಮಧ್ಯಾಹ್ನ ನೆರಳಿಗೆ ಕುಂತ್ರ ನಡೀತೈತಿ."

ಪೂನಮ ಕೊಳ್ಳದ ಮಾತು ಕೇಳುತ್ತಿರಲಿಲ್ಲ. ಚಹಾದ ಕಪ್ಪು ತೆಗೆದುಕೊಳ್ಳಲು ಬಂದು ನಿಂತಿದ್ದ ಮಂಗಲಾಳ ಮುಖವನ್ನು ನೋಡುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ನಲವತ್ತೇಳರ ಹೆಂಗಸು ಅರವತ್ತು ದಾಟಿದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ಬಾಗುತ್ತಿದ್ದಳು.

"ಅಕ್ಕಾ, ನೀವೂ ಬರ್ರಿ," ಎಂದಳು ಪೂನಮ.

"ಹೂಂ," ಎಂದು ಮಂಗಲಾ ಕಪ್ಪುಗಳನ್ನು ಒಂದರೊಳಗೊಂದು ಇಟ್ಟುಕೊಂಡು ಒಳಗೆ ಹೋದಳು.

ಅತ್ತೆ ತೀರಿಕೊಂಡದ್ದು ದೀಪಾವಳಿಗೆ ಮೊದಲು. ಪಾರ್ಶ್ವವಾಯು ಹೊಡೆದು ಆರು ವರ್ಷ ಹಾಸಿಗೆಯ ಮೇಲಿದ್ದರು. ಮೈ ಹುಣ್ಣಾಗಬಾರದೆಂದು ಮಂಗಲಾ ಅವರನ್ನು ಹಗಲೂ ರಾತ್ರಿ ಮಗ್ಗುಲು ಬದಲಿಸಿ ಮಲಗಿಸುತ್ತಿದ್ದಳು. ಅತ್ತೆ ಕೆಟ್ಟವರಲ್ಲ. ಹಾಗೆಂದು ಒಂದು ಒಳ್ಳೆಯ ಮಾತು ಆಡಿದವರೂ ಅಲ್ಲ. ನೀರು ಬೇಕಾದರೂ, ಕಿಟಕಿ ಮುಚ್ಚಬೇಕಾದರೂ, ಬರಿದೇ ಬೇಸರವಾದರೂ "ಮಂಗಲಾ" ಎಂದು ಕರೆಯುತ್ತಿದ್ದರು. ಮೊದಲಕ್ಷರ ಎಳೆದು ಕೊನೆಯದನ್ನು ಕತ್ತರಿಸಿದಂತೆ ಒಂದು ಕರೆ. ದಹನ ಮುಗಿಸಿ ಬಂದವರೆಲ್ಲ, ಇನ್ನ ಸ್ವಲ್ಪ ವಿಶ್ರಾಂತಿ ತಗೋರಿ, ಪುಣ್ಯಾ ಕಟಗೊಂಡ್ರಿ, ಎಂದು ಹೇಳಿ ಹೋದರು. ವಿಶ್ರಾಂತಿ ಎಲ್ಲಿಂದ ತೆಗೆದುಕೊಳ್ಳಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ರಾತ್ರಿ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು ಕೂತು, ಯಾರನ್ನೂ ಹೊರಳಿಸಬೇಕಾಗಿಲ್ಲವೆಂದು ನೆನಪಾಗಿ, ಮತ್ತೆ ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ದಣಿವು ಎಂಬುದು ಮಾಡಿದ ಕೆಲಸಕ್ಕೆ ಬರುವುದೆಂದು ಅವಳು ತಿಳಿದಿದ್ದಳು. ಕೆಲಸ ನಿಂತ ಮೇಲೂ ಉಳಿಯುವ ದಣಿವು ಅವಳಿಗೆ ಹೊಸದು.

ಅವಳು ಹೂಂ ಎಂದದ್ದು ಎಲ್ಲರಿಗಿಂತ ಹೆಚ್ಚು ಆಶ್ಚರ್ಯ ತಂದದ್ದು ಭಾವುಸಾಹೇಬನಿಗೆ. ಅವನದು ಮಿರಜ ರಸ್ತೆಯ ಮೇಲೆ ಮೋಟಾರು ಪಂಪು, ಪೈಪುಗಳ ಅಂಗಡಿ. ಮನೆಯಿಂದ ಅಂಗಡಿಗೆ ಕೂಗಳತೆ ದೂರವಾದರೂ ಸ್ಕೂಟರಿನ ಮೇಲೆಯೇ ಹೋಗುವವನು. ಎರಡು ದಿನ ಯೋಚನೆ ಮಾಡಿ ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದ:

"ನೀ ಒಬ್ಬಾಕಿ ಹ್ಯಾಂಗ ಹೊಕ್ಕಿ? ನಾನೂ ಬರ್ತೀನಿ. ಅಂಗಡಿ ಹುಡುಗ್ರು ನೋಡ್ಕೋತಾರ."

"ಹೂಂ," ಎಂದಳು ಮಂಗಲಾ.

ಹೋಗುವವರು ಒಟ್ಟು ಆರು ಜನ ಎಂದಾಯಿತು. ಸುಹಾಸ, ಪೂನಮ, ಮಂಗಲಾ, ಭಾವುಸಾಹೇಬ. ನಿಪ್ಪಾಣಿಯಲ್ಲಿ ಔಷಧ ಅಂಗಡಿ ಇಟ್ಟುಕೊಂಡಿದ್ದ ಅಭಿನಂದನ ಎಂಬ ಹರೆಯದವನು. ಮತ್ತೆ ರಾಯಬಾಗದ ಧರಣೇಂದ್ರ, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ದಿನಾ ಬೆಳಿಗ್ಗೆ ನಡೆಯುವುದನ್ನೇ ಒಂದು ನೌಕರಿ ಮಾಡಿಕೊಂಡವರು. ಸುಹಾಸ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿ ಅದರೊಳಗೆ ಸೂಚನೆಗಳನ್ನು ಮಾತನಾಡಿ ಕಳಿಸತೊಡಗಿದ. ಹೊಸ ಬೂಟು ತಗೊಂಡವರು ಈಗಿನಿಂದಲೇ ಹಾಕಿ ಪಳಗಿಸಬೇಕು. ಮೈ ಮುಚ್ಚುವ ತೆಳುವಾದ ಹತ್ತಿಯ ಅಂಗಿ, ಅಗಲ ಅಂಚಿನ ಟೊಪ್ಪಿಗೆ ಬೇಕು. ಕೊಳ್ಳದೊಳಗೆ ನೀರಿನ ನಂಬಿಗೆಯಿಲ್ಲ, ಬೇಕಾದಷ್ಟು ನೀರು ತಾವೇ ಹೊರಬೇಕು. ಬೆನ್ನಿಗೆ ಹಾಕಿಕೊಳ್ಳುವ ದೊಡ್ಡ ಚೀಲಕ್ಕೆ ಸುಹಾಸನ ಮಂದಿ ಸ್ಯಾಕು ಎನ್ನುತ್ತಿದ್ದರು. ಆ ಸ್ಯಾಕಿನಲ್ಲಿ ಭಾರದ ವಸ್ತು ಬೆನ್ನಿಗೆ ಹತ್ತಿ ಇರಬೇಕು, ಹಗುರಾದದ್ದು ಹೊರಗೆ, ಎಂದು ಅವನು ಹೇಳಿಕೊಟ್ಟ.

ಊಟದ ಮಾತು ಬಂದಾಗ ತೊಡಕಾಯಿತು. ಎಲ್ಲರೂ ಜೈನರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ ಆಗದು, ಧರಣೇಂದ್ರರಿಗಂತೂ ಸೋಸಿ ಕಾಸಿದ ನೀರೇ ಬೇಕು. ಪಾಕೀಟಿನ ತಿಂಡಿಯಲ್ಲಿ ಏನು ಹಾಕಿರುತ್ತಾರೋ ನಂಬುವಂತಿಲ್ಲ. ಸುಹಾಸನೇ ಅದನ್ನು ಬಗೆಹರಿಸಿದ.

"ವೈನಿ ಅದಾರಲ್ಲ, ಊಟದ ಚಿಂತಿ ಬ್ಯಾಡ," ಎಂದು ಗುಂಪಿನಲ್ಲಿ ಅವನ ಧ್ವನಿ ಬಂತು. "ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದ್ರ ಎಂಟ ದಿನ ಕೆಡಂಗಿಲ್ಲ. ಹೌದಲ್ರಿ ವೈನಿ?"

ಮಂಗಲಾ ಹೆಬ್ಬೆರಳು ಎತ್ತಿದ ಚಿತ್ರವನ್ನು ಒತ್ತಿ ಕಳಿಸಿದಳು. ಅದು ಹೂಂ ಎನ್ನುವುದಕ್ಕಿಂತಲೂ ಸುಲಭವಾಗಿತ್ತು.

ಸಂಜೆ ಬಿಸಿಲು ಇಳಿಯುವ ಮೊದಲೇ ಅವಳು, ಹೊರುವುದು ರೂಢಿಯಾಗಲೆಂದು, ಸ್ಯಾಕಿನಲ್ಲಿ ದಿಂಬಿನ ಚೀಲ ತುಂಬ ಜೋಳ ಹಾಕಿಕೊಂಡು ಶೇಡಬಾಳದ ರಸ್ತೆಗುಂಟ ನಡೆಯತೊಡಗಿದಳು. ಎರಡೆರಡು ಟ್ರೇಲರು ಎಳೆದುಕೊಂಡು ಕಬ್ಬಿನ ಟ್ರ್ಯಾಕ್ಟರುಗಳು ಪಕ್ಕದಲ್ಲೇ ಹಾಯುತ್ತಿದ್ದವು. ಅವುಗಳಲ್ಲಿ ಹಚ್ಚಿದ ಹಾಡು ದೂರ ಹೋಗುವತನಕ ಅವಳು ರಸ್ತೆ ಬಿಟ್ಟು ಕೆಳಗಿಳಿದು ನಿಲ್ಲುತ್ತಿದ್ದಳು. ಓಣಿಯ ಹೆಂಗಸರು ತಡೆದು ಕೇಳುತ್ತಿದ್ದರು.

"ಯಾವ ಯಾತ್ರಾಕ್ಕ ತಯಾರಿರೀ? ಗುಜರಾತ ಅಂದ್ರ ಗಿರನಾರಕ್ಕೇನ?"

"ಹೂಂ, ಆ ಕಡೀಗೇ," ಎಂದು ಮಂಗಲಾ ಮುಂದೆ ಹೋಗುತ್ತಿದ್ದಳು. ಕೊಳ್ಳ, ಬಂಡೆ, ನಾಕು ದಿನ ಎಂದೆಲ್ಲ ವಿವರಿಸುವಷ್ಟು ಉಸಿರು ಇರಲಿಲ್ಲ.

ಭಾವುಸಾಹೇಬನೂ ಕೆಲವು ಸಂಜೆ ಜೊತೆಗೆ ಬಂದ. ಅವನ ಸ್ಯಾಕು ಹೊಸದು, ನೀಲಿ ಬಣ್ಣದ್ದು, ಒಳಗೆ ಬರೀ ಒಂದು ಚಾದರ ತುಂಬಿ ಉಬ್ಬಿಸಿದ್ದ. ಅರ್ಧ ದಾರಿಗೇ ಮೊಳಕಾಲು ಹಿಡಿದುಕೊಂಡು ಮೈಲುಗಲ್ಲಿನ ಮೇಲೆ ಕೂತುಬಿಡುತ್ತಿದ್ದ. ಆದರೂ ಊರಲ್ಲಿ ಕಂಡಕಂಡವರಿಗೆ ಕಚ್ಛದ ಸುದ್ದಿ ಹೇಳಿ ಸಂಭ್ರಮ ಪಡುತ್ತಿದ್ದವನು ಅವನೇ. ಮನೆಯಲ್ಲಿ ಒಂದೊಂದೇ ಸಾಮಾನು ತಂದು ಹೆಂಡತಿಯ ಮುಂದಿಡುತ್ತಿದ್ದ. "ಇದೊಂದು ನಿನ್ನ ಸ್ಯಾಕಿನ್ಯಾಗ ಇಟ್ಕೋ. ನನ್ನದರಾಗ ಹುಡುಕಾಕ ಬರಂಗಿಲ್ಲ." ರಕ್ತದೊತ್ತಡದ ಗುಳಿಗೆ, ಗಡ್ಡ ಮಾಡಿಕೊಳ್ಳುವ ಸಾಮಾನು, ಹವಾಯಿ ಚಪ್ಪಲಿ, ತಲೆಗೆ ಚಿಕ್ಕ ದಿಂಬು, ಚಹಾದ ಪುಡಿ, ಸಕ್ಕರೆ, ಒಂದು ಸ್ಟೀಲಿನ ತಂಬಿಗೆ. ತಂಬಿಗೆ ಯಾಕೆಂದು ಅವಳು ಕೇಳಲಿಲ್ಲ. ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಳು.

ಹೋಳಿ ಹುಣ್ಣಿಮೆಗೆ ಒಂದು ವಾರವಿದ್ದಾಗ ಸುಹಾಸ ಎಲ್ಲರನ್ನೂ ಕರೆದ. ಪೂರ್ಣ ಹೊರೆ ಹೊತ್ತು ಕಾಗವಾಡದಿಂದ ಜುಗೂಳದ ಹೊಳೆದಂಡೆಯವರೆಗೆ ನಡೆಯುವುದು, ಅದೂ ಬಿಸಿಲಿನಲ್ಲಿ. ಯಾರಿಗೆ ಏನು ಕಷ್ಟ ಎಂಬುದು ಇಲ್ಲೇ ಗೊತ್ತಾಗಲಿ ಎಂದು ಅವನ ಅಭಿಪ್ರಾಯ. ಅದಕ್ಕಾಗಿ ಮಂಗಲಾ ಮೂರು ದಿನ ಒಲೆಯ ಮುಂದೆ ಕೂತಳು. ರೊಟ್ಟಿ ಬಡಿದು, ಸುಟ್ಟು, ಖಡಕ್ ಆಗುವಂತೆ ಒಣಗಿಸಿ, ಶೇಂಗಾ ಹುರಿದು ಕುಟ್ಟಿ, ಅಗಸಿ ಚಟ್ನಿ ಮಾಡಿ, ಅಂಟಿನ ಉಂಡಿ ಕಟ್ಟಿ, ಆರು ಜನಕ್ಕೆ ನಾಕು ದಿನಕ್ಕೆಂದು ಡಬ್ಬಿ ತುಂಬಿದಳು. ಕೆಲಸದ ನಡುವೆ ಒಮ್ಮೊಮ್ಮೆ ಹಿಟ್ಟಿನ ಉಂಡೆಯನ್ನು ಕೈಯಲ್ಲಿ ಹಿಡಿದು ಹಾಗೇ ಕೂತುಬಿಡುತ್ತಿದ್ದಳು. ಹೆಂಚು ಹೊಗೆಯಾಡಿದ ಮೇಲೆ ಎಚ್ಚರಾಗುತ್ತಿತ್ತು.

ನಡೆಯುವ ದಿನ ಬೆಳಿಗ್ಗೆ ಅವರ ಅಂಗಳದಲ್ಲೇ ಎಲ್ಲ ಸ್ಯಾಕುಗಳನ್ನು ಕಟ್ಟಿದರು. ಸುಹಾಸ ಚಿಕ್ಕ ಗ್ಯಾಸಿನ ಒಲೆ ಮತ್ತು ಪಾತ್ರೆ ತಂದು, "ಅಡಿಗಿ ನೀವೇ ಮಾಡೂದಲ್ರಿ ವೈನಿ, ಇದು ನಿಮ್ಮ ಹಂತ್ಯಾಕೇ ಇರ್ಲಿ," ಎಂದ. ಅಭಿನಂದನ ಉಪ್ಪು-ಸಕ್ಕರೆಯ ಪುಡಿಯ ಪಾಕೀಟುಗಳ ಕಟ್ಟನ್ನು ಕೊಟ್ಟು, "ಕಾಕೂ, ಊಟದ ಜೋಡಿ ಇದ್ರ ಮರೀಯಂಗಿಲ್ಲ," ಎಂದ. ಧರಣೇಂದ್ರರು ಕಾಸಿದ ನೀರಿನ ಎರಡನೆಯ ಥರ್ಮಾಸು ಹಿಡಿದು ಬಂದರು. "ಅಕ್ಕಾರ, ಇದೊಂದು ಎಲ್ಲೆರೆ ಒಂದು ಮೂಲ್ಯಾಗ." ಪೂನಮ ಕೂಡ ತನ್ನ ಬಾಚಣಿಗೆ, ಕನ್ನಡಿಯ ಚೀಲವನ್ನು ಮಂಗಲಾಳ ಸ್ಯಾಕಿನ ಮೇಲಿನ ಜೇಬಿಗೆ ತುರುಕಿ ನಕ್ಕಳು. ಎಲ್ಲವೂ ಸಣ್ಣ ಸಣ್ಣ ಸಾಮಾನುಗಳು. ಯಾವುದಕ್ಕೂ ಬೇಡ ಎನ್ನುವಂತಿರಲಿಲ್ಲ. ಕೊನೆಗೆ ಸ್ಯಾಕು ಎತ್ತಿ ಹಾಕಿಕೊಳ್ಳಲು ಅವಳು ಜಗಲಿಯ ಮೇಲೆ ಕೂತು, ಪಟ್ಟಿಗಳಿಗೆ ತೋಳು ಹಾಕಿ, ಮುಂದಕ್ಕೆ ಬಾಗಿ, ಕಂಬ ಹಿಡಿದು ಏಳಬೇಕಾಯಿತು. ಯಾರೂ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಪಟ್ಟಿ ಬಿಗಿಯುವುದರಲ್ಲಿದ್ದರು.

ಊರು ದಾಟುವವರೆಗೆ ಒಟ್ಟಿಗೆ ಇದ್ದರು. ಆಮೇಲೆ ಅವಳು ಹಿಂದೆ ಬಿದ್ದಳು. ಪಟ್ಟಿ ಹೆಗಲನ್ನು ಕೊರೆಯುತ್ತಿತ್ತು. ಟಾರಿನ ರಸ್ತೆ ಬಿಟ್ಟು ಹೊಲದ ದಾರಿ ಹಿಡಿದಾಗ ಕಟಾವಾದ ಕಬ್ಬಿನ ಗದ್ದೆಗಳಲ್ಲಿ ರವದಿಯ ಒಣ ಸೋಗೆ ಸುಟ್ಟ ಬೂದಿ ಹಾರುತ್ತಿತ್ತು; ಮೇಲೆ ಬಿಸಿಲು, ಕೆಳಗೆ ಆ ಕರಿ ನೆಲದ ಝಳ. ಮುಂದಿನವರ ಟೊಪ್ಪಿಗೆಗಳು ಮೊದಲು ದೂರವಾದವು, ಆಮೇಲೆ ಚಿಕ್ಕದಾದವು, ಆಮೇಲೆ ಹೊಳೆಯ ಏರಿಯಾಚೆ ಇಳಿದು ಕಾಣದಾದವು.

ದಾರಿಯ ಪಕ್ಕಕ್ಕೆ ಒಂದು ಜಾಲಿಯ ಗಿಡವಿತ್ತು. ಮಂಗಲಾ ಅದರ ಬುಡಕ್ಕೆ ಹೋಗಿ ಸ್ಯಾಕು ಕಳಚಿ ಕೂತಳು. ತಲೆ ತಿರುಗಿರಲಿಲ್ಲ, ಕಾಲು ಸೋತಿರಲಿಲ್ಲ. ಕೂತ ಮೇಲೆ ಏಳಬೇಕು ಅನಿಸಲಿಲ್ಲ, ಅಷ್ಟೇ.

ಸ್ವಲ್ಪ ಹೊತ್ತಿಗೆ ಬದುವಿನ ಮೇಲಿಂದ ಒಬ್ಬ ಮುದುಕಿ ಬಂದಳು. ಹಸಿ ಮೇವಿನ ಹೊರೆ ಕಟ್ಟಿ ನೆಲದ ಮೇಲಿಟ್ಟು, ಎತ್ತಿಕೊಡುವವರಿಗಾಗಿ ಕಾಯುತ್ತಿದ್ದವಳು. ಹೆಸರು ಹೊಳೆವ್ವ, ಜುಗೂಳದವಳು ಎಂದು ತಾನೇ ಹೇಳಿದಳು. ಸ್ಯಾಕನ್ನೂ ಬೂಟನ್ನೂ ನೋಡಿದಳು.

"ಯಾವ ಊರಿಗೆ ಹೊಂಟೀಯವ್ವಾ, ಇಷ್ಟ ಹೊತಗೊಂಡು?"

"ಎಲ್ಲೂ ಇಲ್ಲರಿ. ಹೊರಾಕ ಬರತೈತೋ ಇಲ್ಲೋ ನೋಡಾಕತ್ತೀವಿ."

ಮುದುಕಿಗೆ ನಗು ತಡೆಯಲಿಲ್ಲ. "ಅಯ್ಯ ಬೇ, ಅದನ್ನೂ ನೋಡಬೇಕೇನ? ನಮಗ ಹೊರೂದು ಕಲಸಿದವ್ರು ಯಾರು? ಏಳು, ಈ ಹೊರಿಗೆ ಒಂದ ಕೈ ಹಚ್ಚು."

ಮಂಗಲಾ ಎದ್ದು ಹೋಗಿ ಹೊರೆಯ ಒಂದು ಬದಿ ಹಿಡಿದು ಮುದುಕಿಯ ತಲೆಗೆ ಏರಿಸಿದಳು. ಹೊಳೆವ್ವ ಸಿಂಬಿ ಸರಿ ಮಾಡಿಕೊಂಡಳು.

"ನಿಂದೂ ಎತ್ತಿಕೊಡಲೇನ?"

"ಬ್ಯಾಡವ್ವಾ. ನಾ ಇಲ್ಲೇ ಕೂಡತೀನಿ."

ಮುದುಕಿ ಹೋದ ಮೇಲೆ ಏರಿಯ ಕಡೆಯಿಂದ ಕೂಗು ಕೇಳಿತು. "ಮಂಗಲಾ!" ಭಾವುಸಾಹೇಬ ಏರಿಯ ಮೇಲೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಕರೆಯುತ್ತಿದ್ದ. ಮೊದಲಕ್ಷರ ಎಳೆದು, ಕೊನೆಯದನ್ನು ಕತ್ತರಿಸಿ, ಥೇಟು ಅವನ ತಾಯಿಯ ಕರೆ. ಇಷ್ಟು ವರ್ಷ ಗಂಡನ ಬಾಯಲ್ಲಿ ಅದನ್ನು ಅವಳು ಗುರುತಿಸಿರಲಿಲ್ಲ. ಅವಳ ಮೈ ತಾನಾಗಿ ಏಳಲು ಮುಂದಕ್ಕೆ ಬಾಗಿತು. ಬಾಗಿದ ಮೈಯನ್ನು ಹಿಂದಕ್ಕೆ ಎಳೆದು ಗಿಡಕ್ಕೆ ಒರಗಿಸಿದಳು. ಮತ್ತೆ ಕೂಗಿದ. ಅವಳು ಓ ಎನ್ನಲಿಲ್ಲ. ನೀರಿನ ಬಾಟಲಿ ತೆಗೆದು ಅವಸರವಿಲ್ಲದೆ ಕುಡಿದಳು.

ಕೊನೆಗೆ ಸುಹಾಸ ಓಡುತ್ತ ಬಂದ. ಅವನ ಮುಖ ಬಿಳಿಚಿತ್ತು.

"ವೈನಿ, ಚಕ್ಕರ ಬಂತೇನ್ರಿ? ಕಣ್ಣು ಕಾಣಸ್ತಾವಲ್ಲ?"

"ಏನೂ ಆಗಿಲ್ಲ ಸುಹಾಸ. ದಣದೀನಿ."

"ನಡ್ರಿ, ನಿಮ್ಮ ಸ್ಯಾಕು ನಾ ತಗೋತೀನಿ," ಎಂದು ಅವನು ಒಂದು ಕೈಯಿಂದ ಎತ್ತಲು ಹೋದ. ಸ್ಯಾಕು ಏಳಲಿಲ್ಲ. ಎರಡೂ ಕೈ ಹಾಕಿ ಎತ್ತಿದ, ಇಳಿಸಿದ, ಅವಳ ಮುಖ ನೋಡಿದ. ಆಮೇಲೆ ಕೂತು ಸ್ಯಾಕಿನ ಬಾಯಿ ಬಿಚ್ಚಿ ಒಂದೊಂದೇ ಸಾಮಾನು ನೆಲದ ಮೇಲೆ ಇಡತೊಡಗಿದ. ರೊಟ್ಟಿಯ ಡಬ್ಬಿಗಳು ಬಂದವು, ಒಲೆ, ಪಾತ್ರೆ, ಥರ್ಮಾಸು, ಪಾಕೀಟಿನ ಕಟ್ಟು ಬಂದವು, ಚಪ್ಪಲಿ, ದಿಂಬು, ತಂಬಿಗೆ ಬಂದವು. ಅಷ್ಟರಲ್ಲಿ ಉಳಿದವರೂ ಏರಿ ಇಳಿದು ಬಂದು ಸುತ್ತಲೂ ನಿಂತರು. ಕೊನೆಗೆ ತಳದಲ್ಲಿ ಅವಳದು ಉಳಿದದ್ದು ಒಂದು ಜೊತೆ ಬಟ್ಟೆ ಮತ್ತು ಒಂದು ಟವೆಲ್ಲು.

"ತಪ್ಪಾತು," ಎಂದು ಸುಹಾಸ ಮೆಲ್ಲಗೆ ಹೇಳಿದ. "ಎಲ್ಲಾರೂ ತಮ್ಮ ತಮ್ಮ ಸಾಮಾನು ತಗೋರಿ."

ಪೂನಮ ತನ್ನ ಬಾಚಣಿಗೆಯ ಚೀಲ ಎತ್ತಿಕೊಂಡು ಮುಖ ತಿರುಗಿಸಿ ನಿಂತಳು. ಧರಣೇಂದ್ರರು, "ನನಗ ಅಂದಾಜ ಆಗ್ಲಿಲ್ರಿ ಅಕ್ಕಾರ," ಎಂದು ಥರ್ಮಾಸನ್ನು ಎದೆಗೆ ಅವಚಿಕೊಂಡರು. ಭಾವುಸಾಹೇಬ ಎಲ್ಲರಿಗಿಂತ ಕೊನೆಗೆ ಬಾಗಿದ. ಚಪ್ಪಲಿ, ದಿಂಬು ಒಂದು ಬಗಲಲ್ಲಿ, ತಂಬಿಗೆ ಇನ್ನೊಂದು ಕೈಯಲ್ಲಿ ಹಿಡಿದು ನಿಂತಾಗ ಅವನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

"ಒಂದ ಮಾತು ಹೇಳಬೇಕಿಲ್ಲೇನ ನೀ? ಭಾರ ಆಗೇತಿ ಅಂತ?"

"ಏನ ಹೇಳೂದ್ರಿ. ನನಗೂ ಈಗ ಗೊತ್ತಾತು," ಎಂದಳು ಮಂಗಲಾ.

ಅಲ್ಲಿಂದ ಎಲ್ಲರೂ ಹೊಳೆಗೆ ಹೋದರು. ಬೇಸಿಗೆಯ ಕೃಷ್ಣೆ ಇಳಿದು ಒಂದು ಬದಿಗೆ ಸರಿದಿದ್ದಳು. ಆಚೆ ದಂಡೆಯಲ್ಲಿ ಖಿದ್ರಾಪುರದ ಗಿಡಗಳು ಬಿಸಿಲಿಗೆ ನಡುಗುವಂತೆ ಕಾಣುತ್ತಿದ್ದವು. ರೊಟ್ಟಿ ತಿಂದು ಉಳಿದವರು ನೆರಳಿಗೆ ಒರಗಿದಾಗ ಗಂಡ ಹೆಂಡತಿ ಇಬ್ಬರೇ ನೀರಿನ ಹತ್ತಿರ ಕೂತರು. ಭಾವುಸಾಹೇಬ ಬಹಳ ಹೊತ್ತು ಉಸುಕು ಕೆದರುತ್ತಿದ್ದ.

"ನಾ ಬರ್ಲೋ ಬ್ಯಾಡೋ?" ಎಂದು ಕೇಳಿದ.

ಅವನು ಕೇಳಿದ್ದು, ಬರ್ರಿ ಅನ್ನಲಿ ಎಂದೇ. ಅದು ಅವಳಿಗೂ ಗೊತ್ತಿತ್ತು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಹೊತ್ತಿಗೆ ಸುಳ್ಳು ಹೇಳುವುದಕ್ಕೂ ತ್ರಾಣ ಬೇಕಾಗಿತ್ತು.

"ಬ್ಯಾಡ್ರಿ," ಎಂದಳು.

ಆಮೇಲಿನ ದಿನಗಳು ಭಾರವಾಗಿದ್ದವು. ಭಾವುಸಾಹೇಬ ಕೂಗಾಡಲಿಲ್ಲ. ಮಾತು ಕಡಿಮೆ ಮಾಡಿದ. ನೀಲಿ ಸ್ಯಾಕು ಅಟ್ಟಕ್ಕೆ ಹೋಯಿತು. ಹೊತ್ತು ಮುಳುಗುವ ಮೊದಲೇ ಬಂದು ಉಂಡು, ತಟ್ಟೆಯನ್ನು ತಾನೇ ಎತ್ತಿ ಬಚ್ಚಲಿಗೆ ಇಟ್ಟು, ಟಿವಿ ಮುಂದೆ ಕೂಡುತ್ತಿದ್ದ. ಇಚಲಕರಂಜಿಗೆ ಕೊಟ್ಟಿದ್ದ ಮಗಳು ಸ್ನೇಹಲ ಫೋನು ಮಾಡಿದಳು.

"ಮಮ್ಮಿ, ಪಪ್ಪಾನ ಊಟದ್ದು ಹ್ಯಾಂಗ? ನಾ ಬಂದ ಇರ್ಲೇನ?"

"ಬ್ಯಾಡ. ನಿಮ್ಮ ಪಪ್ಪಾಗ ಕೈ ಅದಾವು."

ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತು. ನಾ ಏನ ಸಾಧಿಸಾಕ ಹೊಂಟೀನಿ? ಕೊಳ್ಳ ನೋಡಬೇಕೆಂಬ ಆಸೆ ಅವಳಿಗೆ ಎಂದೂ ಇರಲಿಲ್ಲ. ಈಗ ಗಂಡನ ಮನಸ್ಸೂ ಕೆಡಿಸಿಯಾಯಿತು. ಮರುದಿನ ಪೂನಮಳಿಗೆ ಫೋನು ಹಚ್ಚಿ ತಾನೂ ಬರುವುದಿಲ್ಲ ಎಂದಳು.

ಪೂನಮ ಆಗಲಿ ಎಂದೂ ಅನ್ನಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. "ಮನ್ಯಾಗ ಇದ್ದು ಏನ ಮಾಡ್ತೀರಿ ಅಕ್ಕಾ?"

"ಮಲಗ್ತೀನಿ."

"ನಿದ್ದಿ ಬರತೈತೇನ್ರಿ?"

"ಇಲ್ಲ."

"ಹಂಗಾದ್ರ ಅಲ್ಲೇ ಬಂದು ಎಚ್ಚರ ಇರ್ರಿ. ಅಲ್ಲಿ ಯಾರೂ ಯಾಕ ಮಲಗಿಲ್ಲ ಅಂತ ಕೇಳಂಗಿಲ್ಲ."

ಮಂಗಲಾ ಫೋನು ಇಟ್ಟು ಅಡುಗೆಮನೆಗೆ ಬಂದಳು. ಪರೀಕ್ಷೆಯ ನಡಿಗೆಗೆ ಮಾಡಿದ್ದರಲ್ಲಿ ಉಳಿದ ರೊಟ್ಟಿಗಳು ಬುಟ್ಟಿಯಲ್ಲಿದ್ದವು. ಅವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತು, ಮತ್ತೆ ಫೋನು ತೆಗೆದು ಗುಂಪಿನಲ್ಲಿ ತಾನೇ ಮಾತಾಡಿದಳು. ಅಲ್ಲಿ ಅವಳ ಧ್ವನಿ ಬಂದದ್ದು ಅದೇ ಮೊದಲು. "ನಮಸ್ಕಾರ್ರಿ ಎಲ್ಲಾರಿಗೂ. ನಾ ಬರ್ತೀನಿ. ಆದ್ರ ಊಟ ಎಲ್ಲಾರೂ ನಿಮ್ಮ ನಿಮ್ಮದು ಮಾಡಿಸಿಕೊಂಡು ನೀವೇ ಹೊತಗೊಂಡ ಬರ್ರಿ. ನನ್ನಿಂದ ಆಗಂಗಿಲ್ಲ." ಧರಣೇಂದ್ರರು ದಿನವಿಡೀ ಉತ್ತರ ಕೊಡಲಿಲ್ಲ. ಸಂಜೆಗೆ, "ಆತರಿ," ಎಂದಷ್ಟೇ ಬಂತು. ಬೇಜಾರಾಗಿದ್ದರು. ಆಗಲಿ ಬಿಡು ಎಂದುಕೊಂಡಳು. ಎಲ್ಲರ ಬೇಜಾರನ್ನೂ ತಾನೇ ಎತ್ತಿಡಲಾಗದು.

ಹೊರಡುವ ಮೊದಲಿನ ಮಧ್ಯಾಹ್ನ ಅವಳು ಜಗಲಿಯ ಮೇಲೆ ಸ್ಯಾಕು ಕಟ್ಟುತ್ತಿದ್ದಾಗ ಭಾವುಸಾಹೇಬ ಅಂಗಡಿಯಿಂದ ಬೇಗ ಬಂದ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತ.

"ಸುಹಾಸಗ, ಅಂಗಡಿಗೆ ಬ್ಯಾಸಿಗಿ ಸೀಝನ್ನು, ಬಿಟ್ಟ ಬರಾಕ ಆಗೂದಿಲ್ಲ ಅಂತ ಹೇಳೀನಿ," ಎಂದ. "ನೀ ಬ್ಯಾಡ ಅಂದಿ ಅಂತ ಹೇಳಿಲ್ಲ."

ಅವಳು ಕೈ ನಿಲ್ಲಿಸಿ ಅವನನ್ನು ನೋಡಿದಳು. ಅವನು ತನ್ನ ಮರ್ಯಾದೆಗೆ ಹಾಗೆ ಹೇಳಿದನೋ ಅವಳ ಮರ್ಯಾದೆಗೋ ತಿಳಿಯಲಿಲ್ಲ. ಎರಡೂ ಇರಬಹುದು.

"ನಾ ನಿನಗ ಅಷ್ಟ ಭಾರ ಆದ್ನೇನ?"

"ಆಗೀರಿ."

"ಇಷ್ಟ ವರ್ಷ ಅನಿಸಲಿಲ್ಲ?"

"ಅನಿಸಾಕ ಪುರಸೊತ್ತು ಎಲ್ಲಿತ್ರಿ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅತ್ತಿ ಇದ್ದಾಗ ಅವರನ್ನ ಎತ್ತೂದು, ಇಳಸೂದು. ಅದರಾಗ ನೀವು ಹಗರಾಗೇ ಇದ್ರಿ. ಅವ್ರು ಹೋದ ಮ್ಯಾಲೆ ನಿಮ್ಮ ಭಾರ ಗೊತ್ತಾಗಾಕತ್ತೇತಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲರಿ. ದಣದೀನಿ, ಅಷ್ಟ."

"ಅವ್ವನ್ನ ಒಂದ ದಿನಾನೂ ನಾ ಹೊರಳಿಸಲಿಲ್ಲ," ಎಂದು ಅವನು ತನಗೇ ಹೇಳಿಕೊಂಡಂತೆ ಹೇಳಿದ. ಅವಳು ಅಲ್ಲ ಎನ್ನಲಿಲ್ಲ. ಸಮಾಧಾನದ ಮಾತನ್ನೂ ಹೇಳಲಿಲ್ಲ. ಅವನು ಎದ್ದು ಒಳಗೆ ಹೋಗಿ ಚಹಾಕ್ಕಿಟ್ಟ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ ವಾಸನೆ ಬಂತು. ಅವಳು ಕೂತಲ್ಲಿಂದ ಏಳದೆ ಪಟ್ಟಿಯ ಬಕಲು ಬಿಗಿದಳು. ಚಹಾ ಬಂತು. ಅದರಲ್ಲಿ ಸಕ್ಕರೆ ಹೆಚ್ಚಾಗಿತ್ತು. ಕುಡಿದಳು.

ಮರುದಿನ ಅವನೇ ಮಿರಜಕ್ಕೆ ಕರೆದುಕೊಂಡು ಹೋದ. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅವಳ ಸ್ಯಾಕನ್ನು ತಾನು ಹಾಕಿಕೊಂಡು, ಮೇಲೆ ಹೋಗುವುದರೊಳಗೆ ಕೆಂಪಾಗಿ, ಕಟಕಟೆ ಹಿಡಿದು ನಿಂತ. ಬೆವರು ಒರೆಸಿಕೊಳ್ಳುವ ಅವನನ್ನು ಅವಳು ನೋಡಿದಳು. ನೀವೂ ನಡ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವನು ಉಟ್ಟ ಬಟ್ಟೆಯಲ್ಲೇ ಹತ್ತುತ್ತಿದ್ದ. ಅವಳು ಸ್ಯಾಕು ಇಸಿದುಕೊಂಡು ತನ್ನ ಬೆನ್ನಿಗೆ ಹಾಕಿಕೊಂಡಳು.

ಗಾಡಿ ಬಂದು ಎಲ್ಲರೂ ಹತ್ತಿದ ಮೇಲೆ ಭಾವುಸಾಹೇಬ ಕಿಟಕಿಯ ಹತ್ತಿರ ನಿಂತು ಸುಹಾಸನನ್ನು ಕರೆದ. "ನಿಮ್ಮ ವೈನಿ ಎಲ್ಲೆರೆ ಹಿಂದ ಬಿದ್ರ ದೂರ ನಿಂತ ಒದರಬ್ಯಾಡ್ರಿ. ಹಂತ್ಯಾಕ ಹೋಗಿ ನೋಡ್ರಿ."

"ಹೂಂ ದಾದಾ," ಎಂದ ಸುಹಾಸ.

ಮಂಗಲಾಳ ಕಡೆ ಭಾವುಸಾಹೇಬ ನೋಡಿದ. ಕಿಟಕಿಯ ಸರಳಿನ ಮೇಲೆ ಬೆರಳಿಂದ ಎರಡು ಸಲ ತಟ್ಟಿದ. ಗಾಡಿ ಹೊರಟಿತು. ಅವನು ಕೈ ಎತ್ತಿ, ಇಳಿಸಿ, ಚಹಾದ ಅಂಗಡಿಯ ಕಡೆ ನಡೆದದ್ದು ಕಂಡಿತು.

ಸಾಂಗಲಿ ದಾಟಿತು. ಕಿಟಕಿಯಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಧರಣೇಂದ್ರರು ಎದುರಿನ ಸೀಟಿನಲ್ಲಿ, ಸೊಸೆ ಕಟ್ಟಿಕೊಟ್ಟ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೂ ಸ್ವಲ್ಪ ಬಿಗಿದ ಮುಖದಲ್ಲಿ ಕೂತಿದ್ದರು. ಅಭಿನಂದನ ಮೇಲಿನ ಬರ್ತಿಗೆ ಹತ್ತಿ ಆಗಲೇ ಗೊರಕೆ ಹೊಡೆಯುತ್ತಿದ್ದ. ಮಂಗಲಾಳ ಕಣ್ಣು ಹನಿಗೂಡಿದ್ದನ್ನು ಪೂನಮ ನೋಡಿದಳು.

"ಅಳಾಕತ್ತೀರೇನ ಅಕ್ಕಾ?"

"ಇಲ್ಲ ಬೇ. ಸಾಕಾಗೇತಿ. ಭಾಳ ದಣದೀನಿ."

"ಇನ್ನೂ ಒಂದ ಹೆಜ್ಜಿ ನಡದಿಲ್ಲ ನಾವು!"

ಮಂಗಲಾಳಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು. ಪೂನಮಳೂ ನಕ್ಕಳು. ಧರಣೇಂದ್ರರು ಏನಾತರಿ ಎಂದು ಇಬ್ಬರನ್ನೂ ನೋಡಿ, ತಿಳಿಯದೆ, ತಾವೂ ಸ್ವಲ್ಪ ನಕ್ಕು ಪಕ್ಕಕ್ಕೆ ಸರಿದು ಕೂತರು. ಅವರು ಸರಿದ ಜಾಗಕ್ಕೆ, ಬೂಟು ಕಳಚಿ, ಮಂಗಲಾ ಎರಡೂ ಕಾಲು ನೀಡಿದಳು. ಹೊಸ ಬೂಟಿಗೆ ಉಜ್ಜಿ ಹಿಮ್ಮಡಿ ಕೆಂಪಾಗಿತ್ತು. ಕೊಳ್ಳ ಇನ್ನೂ ಒಂದು ರಾತ್ರಿ, ಒಂದು ಹಗಲಿನಷ್ಟು ದೂರವಿತ್ತು. ಅವಳು ಕಾಲಿನ ಬೆರಳುಗಳನ್ನು ಬಿಡಿಸಿ, ಮಡಿಸಿ, ಬಿಡಿಸಿ ನೋಡುತ್ತ ಕೂತಳು.